ಹುಲಿ ವರ್ಷದ ಕಾಲುಚೀಲ

ಮಗಳನ್ನು ನೋಡಲೆಂದು ಧಾರವಾಡದಿಂದ ನನ್ನೊಡನೆ ಲಂಡನ್ನಿಗೆ ಬಂದ ನಮ್ಮವರು ಹೃದಯದ ಬೇನೆಯಿಂದ ಆಸ್ಪತ್ರೆ ಸೇರಿದ್ದರು. ಭೇಟಿಯ ವೇಳೆಗೆ ಇನ್ನೂ ಸಮಯವಿತ್ತು. ಸುಮ್ಮನೆ ಕೂರುವುದು ನನಗಾಗದು. ಡಾಕ್ಟರ್ ಮಗಳು ಸುಧಾ ನನ್ನನ್ನು ಚೈನಾಟೌನಿಗೆ ಕರೆದೊಯ್ದಳು. ಚೀನೀಯರ ಹೊಸ ವರ್ಷವಂತೆ, ಅಂಗಡಿಯ ತುಂಬ ಕಾಗದದ ಹುಲಿಗಳು. ಹನ್ನೆರಡು ಪ್ರಾಣಿಗಳು ವರ್ಷಕ್ಕೊಂದರಂತೆ ಸರದಿಯಲ್ಲಿ ಬರುತ್ತವೆ. ಈ ವರ್ಷ ಹುಲಿಯದು.

ನಾನೊಂದು ಹುಲಿ ಕೈಗೆತ್ತಿಕೊಂಡೆ. "ಯಾರಿಗೆ?" ಎಂದು ಅಂಗಡಿಯ ಮುದುಕಿ ಕೇಳಿದಳು.

"ನಮ್ಮ ಯಜಮಾನರಿಗೆ. ಈ ವರ್ಷ ಅರವತ್ತು ತುಂಬುತ್ತದೆ."

ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. "ಅವರೂ ಹುಲಿಯೇ."

ಹುಟ್ಟಿದ ಸಂವತ್ಸರ ತಿರುಗಿ ಬಂದರೆ ನಮ್ಮಲ್ಲಿ ಷಷ್ಟಿಪೂರ್ತಿಯ ಸಂಭ್ರಮ ಎಂದು ಹೆಮ್ಮೆಯಿಂದ ಹೇಳಿದೆ. ಅವಳು ನಗಲಿಲ್ಲ. "ತನ್ನ ಪ್ರಾಣಿಯ ವರ್ಷ ಒಳ್ಳೆಯದಲ್ಲ. ಕೇಡು ತಟ್ಟದಂತೆ ಮೈಮೇಲೆ ಕೆಂಪು ಇರಬೇಕು," ಎಂದು ಹುಲಿಯನ್ನು ಹಿಂದಕ್ಕೆ ತೆಗೆದುಕೊಂಡು ಕೆಂಪು ಕಾಲುಚೀಲ ಮುಂದಿಟ್ಟಳು.

"ಅವ್ವಾ, ನೀನೂ ಇದನ್ನ ನಂಬ್ತೀಯೇನು?" ಎಂದಳು ಸುಧಾ.

"ಥಂಡಿಗೆ ಬೇಕಲ್ಲ," ಎಂದು ಕೊಂಡೆ.

ವಾರ್ಡಿನಲ್ಲಿ ನೋಡಿದರೆ ಅವರ ಕಾಲುಗಳು ನಿನ್ನೆಗಿಂತ ಹೆಚ್ಚು ಬಾತಿದ್ದವು; ಹೃದಯ ಸೋತಷ್ಟೂ ಕಾಲು ಬಾಯುತ್ತದೆಂದು ಸುಧಾಳೇ ಹೇಳಿದ್ದಳು. ಕಾಲುಚೀಲ ಹಿಮ್ಮಡಿ ದಾಟಲಿಲ್ಲ. ಸುಧಾ ಒಂದು ಕ್ಷಣ ಆ ಬಾವು ನೋಡಿದಳು. ಹೋಗಿ ನರ್ಸ್ ಹತ್ತಿರ ಕತ್ತರಿ ಇಸಿದುಕೊಂಡು ಬಂದಳು. ಅಂಚಿನ ಎಲಾಸ್ಟಿಕ್ ಕತ್ತರಿಸಿ, ಎರಡೂ ಕಾಲಿಗೆ ತಾನೇ ಮೆಲ್ಲಗೆ ಏರಿಸಿದಳು. ತಲೆ ಎತ್ತಲಿಲ್ಲ.

ಅವರು ಕಣ್ಣು ತೆರೆದು ಕಾಲು ನೋಡಿಕೊಂಡರು. "ಏನಿದು, ತಾಯಿ-ಮಗಳು ಕೂಡಿ ನನ್ನ ಮದುಮಗನ್ನ ಮಾಡ್ಲಿಕ್ಕತ್ತೀರೇನು?"

"ಹೂಂ, ಸುಮ್ನ ಕಾಲು ಚಾಚ್ರಿ," ಎಂದೆ.