ಹುರುಳಿ ತುಳಿಯದ ಕಾರು

ಗಂಗಯ್ಯನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಸಿಟ್ಟು ಬರುತ್ತದೆ. ಅವನನ್ನು ಬೈಯುವ ಹಕ್ಕು ಇರುವುದು ನನಗೊಬ್ಬನಿಗೇ. ಕನಕಪುರದ ಲತಾಮಣಿ ಡಾಕ್ಟ್ರಮ್ಮನ ಕ್ಲಿನಿಕ್ಕಿನಲ್ಲಿ ಅನಂತರಾಜು ಅನ್ನುವ ನಾನು ಕಾಂಪೌಂಡರ್, ಅವನು ಡ್ರೈವರ್. ಹನ್ನೊಂದು ವರ್ಷದಿಂದ ಅವನ ಪಕ್ಕದ ಸೀಟಿನಲ್ಲಿ ಕೂತು ಹಳ್ಳಿ ಹಳ್ಳಿ ಸುತ್ತಿದ್ದೇನೆ. ಅದಕ್ಕೂ ಮುಂಚೆ ಅವನು ಇಪ್ಪತ್ತು ವರ್ಷ ಪ್ರೈವೇಟ್ ಬಸ್ ಓಡಿಸಿದವನು. ಒಂದು ಕೋಳಿಗೂ ಗುದ್ದಿಲ್ಲ ಅನ್ನುವುದು ಅವನ ಹೆಮ್ಮೆ. ಅದನ್ನು ದಿನಕ್ಕೆರಡು ಸಲ ಹೇಳದಿದ್ದರೆ ಅವನಿಗೆ ಉಂಡ ಮುದ್ದೆ ಅರಗುವುದಿಲ್ಲ.

ಹೋದ ಕಾರ್ತಿಕದಲ್ಲಿ ಡಾಕ್ಟ್ರಮ್ಮ ಕರೆಂಟಿನ ಕಾರು ತಂದರು. ಗೆರೆ ದಾಟಿದರೆ ಸ್ಟೇರಿಂಗನ್ನು ತಾನೇ ಎಳೆಯುತ್ತದೆ, ಡ್ರೈವರ್ ತೂಕಡಿಸಿದರೆ ಪರದೆ ಮೇಲೆ ಕಾಫಿ ಲೋಟ ತೋರಿಸುತ್ತದೆ, ಮುಂದೆ ಏನಾದರೂ ಅಡ್ಡ ಬಂದರೆ ತಾನೇ ಬ್ರೇಕ್ ಹಾಕುತ್ತದೆ. ಇದಕ್ಕೆಲ್ಲ ಎಕ್ಸ್‌ಟ್ರಾ ಕೊಡಬೇಕಿಲ್ಲ, ಎಲ್ಲಾ ಮಾಡೆಲ್ಲಿಗೂ ಕಂಪನಿಯಿಂದಲೇ ಬರುತ್ತೆ ಅಂತ ಶೋರೂಮಿನವನು ಹೇಳಿದ. ಗಂಗಯ್ಯನಿಗೆ ಮೈಯೆಲ್ಲ ಉರಿಯಿತು. ಗುಂಡಿ ತಪ್ಪಿಸಲು ಅವನು ಬಲಕ್ಕೆ ತಿರುಗಿಸಿದರೆ ಕಾರು ಎಡಕ್ಕೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ.

"ನಂಗೇ ಡ್ರೈವಿಂಗ್ ಯೋಳ್ಕೊಡಕ್ಕೆ ಬಂದೈತೆ ಇದು," ಎಂದು ದಿನಾ ಬೆಳಿಗ್ಗೆ ಪರದೆ ಒತ್ತಿ ಒಂದೊಂದನ್ನೇ ಆಫ್ ಮಾಡತೊಡಗಿದ. ಒಂದು ದಿನ ಡಾಕ್ಟ್ರಮ್ಮ ನೋಡಿಬಿಟ್ಟರು. "ಗಂಗಯ್ಯ, ಇನ್ನೊಂದ್ಸಲ ಆಫ್ ಮಾಡಿದ್ದು ಗೊತ್ತಾದ್ರೆ ಕೀ ನರೇಂದ್ರನ ಕೈಗೆ," ಅಂದರು. ನರೇಂದ್ರ ಪಕ್ಕದ ಮೆಡಿಕಲ್ ಸ್ಟೋರಿನ ವ್ಯಾನ್ ಓಡಿಸುವವನು, ನಮ್ಮ ಕಾರಿನ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ಗಂಗಯ್ಯ ತಲೆಯಾಡಿಸಿದ. ಮಾರನೇ ದಿನ ಕಳ್ಳನ ಹಾಗೆ ಆ ಕಡೆ ಈ ಕಡೆ ನೋಡಿ ಮತ್ತೆ ಆಫ್ ಮಾಡಿದ.

ಸಂಕ್ರಾಂತಿಗೆ ಇನ್ನೊಂದು ವಾರ ಇತ್ತು. ಡಾಕ್ಟ್ರಮ್ಮನನ್ನು ದೊಡ್ಡಆಲಹಳ್ಳಿಯಲ್ಲಿ ಇಳಿಸಿ, ಮರೆತಿದ್ದ ಇಂಜೆಕ್ಷನ್ ಡಬ್ಬ ತರಲು ನಾವಿಬ್ಬರೂ ಕನಕಪುರಕ್ಕೆ ಬಂದು ವಾಪಸ್ ಹೋಗುತ್ತಿದ್ದೆವು. ದಾರಿಯಲ್ಲಿ ಟೀಗೆ ನಿಲ್ಲಿಸಿದೆವು. ಈ ಕಾರಿನ ಗುಣ ಏನೆಂದರೆ, ಒಂದು ಸಲ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಆಫ್ ಮಾಡಿದ್ದೆಲ್ಲ ತಾನಾಗಿಯೇ ಆನ್ ಆಗುತ್ತದೆ. ಟೀ ಕುಡಿದು ಬಂದ ಗಂಗಯ್ಯ ಮತ್ತೆ ಆಫ್ ಮಾಡುವುದನ್ನು ಮರೆತ.

ಊರು ಹತ್ತಿರ ಬಂದಾಗ ರಸ್ತೆ ಮೇಲೆ ಹುರುಳಿ ಹರಡಿತ್ತು. ನಮ್ಮ ಕಡೆ ಇದು ಮಾಮೂಲು. ಒಣಗಿದ ಗಿಡ ತಂದು ರಸ್ತೆಗೆ ಹಾಕಿದರೆ ಬಸ್ಸು ಲಾರಿಗಳೇ ತುಳಿದು ಕಾಳು ಉದುರಿಸಿಕೊಡುತ್ತವೆ. ಪಕ್ಕಕ್ಕೆ ಸರಿಸಿಕೊಂಡು ಹೋಗುವ ಡ್ರೈವರನ್ನು ಜನ ಜುಗ್ಗ ಅನ್ನುತ್ತಾರೆ. ಗಂಗಯ್ಯ ಬಸ್ಸಿನ ಕಾಲದಿಂದಲೂ ಮಧ್ಯಕ್ಕೇ ನುಗ್ಗಿಸುವವನು. ಅವತ್ತೂ ಮಂಡಿಯೆತ್ತರದ ಗುಡ್ಡೆಗೆ ನೇರ ಬಿಟ್ಟ. ಗುಡ್ಡೆ ಇನ್ನೂ ಒಂದು ಮಾರು ದೂರ ಇರುವಾಗ ಕಾರು ಕೀ ಕೀ ಎಂದು ಕೂಗಿಕೊಂಡು ಗಕ್ಕನೆ ನಿಂತಿತು. ಬೆಲ್ಟ್ ಇಲ್ಲದಿದ್ದರೆ ನನ್ನ ಮೂಗು ಗಾಜಿನಲ್ಲಿರುತ್ತಿತ್ತು.

"ಥೂ, ಉಳ್ಳಿಗೂ ಎದರ್ಕತದೆ ನೋಡ್ಲಾ ಇದು," ಎಂದು ಗಂಗಯ್ಯ ಆಫ್ ಮಾಡಲು ಪರದೆಗೆ ಬೆರಳು ಚಾಚಿದ. ಅಷ್ಟರಲ್ಲಿ ಗುಡ್ಡೆಯ ಆಚೆಯಿಂದ ಒಂದು ತಲೆ ಮೇಲೆದ್ದಿತು. ಸೆರಗು ಹೊದ್ದು, ಕುಕ್ಕರುಗಾಲಲ್ಲಿ ಕೂತು, ತಲೆ ನೆಲಕ್ಕೆ ಬಗ್ಗಿಸಿ ಉದುರಿದ ಕಾಳು ಗುಡಿಸುತ್ತಿದ್ದ ಅದೇ ಊರಿನ ಮುನಿಯಮ್ಮಜ್ಜಿ. ಬಸ್ಸಾಗಿದ್ದರೆ ಫರ್ಲಾಂಗ್ ದೂರದಿಂದಲೇ ಸದ್ದು ಕೇಳಿ ಎದ್ದು ಹೋಗುತ್ತಿದ್ದಳು. ಈ ಕಾರಿಗೆ ಸದ್ದೇ ಇಲ್ಲ.

ಜನ ಸೇರಿದರು. "ಗಂಗಣ್ಣ ಎಂಗ್ ಬ್ರೇಕ್ ಆಕ್ದ ನೋಡ್ರಪ್ಪ," ಎಂದು ಹೊಗಳಿದ್ದೇ ಹೊಗಳಿದ್ದು. ನಾನು ಅವನ ಕಿವಿಯಲ್ಲಿ, "ಸುಮ್ಕಿರ್ಲಾ, ಬಾಯ್ಬುಟ್ರೆ ಬಣ್ಣಗೇಡು," ಅಂದೆ. ಅವನು ಕೇಳಬೇಕಲ್ಲ.

"ಬ್ರೇಕ್ ಆಕಿದ್ದು ನಾನಲ್ಲ ಕಣವ್ವ. ಕಾರು," ಅಂದುಬಿಟ್ಟ.

ಅಜ್ಜಿ ಅವನನ್ನೇ ದಿಟ್ಟಿಸಿದಳು. "ಮತ್ತೆ ನಿನ್ ಕಾಲು ಎಲ್ಲಿತ್ಲಾ?"

ಗಂಗಯ್ಯ ಬಗ್ಗಿ ಅಜ್ಜಿಯ ಪೊರಕೆ ಎತ್ತಿಕೊಟ್ಟ.

ಸಂಜೆ ಕ್ಲಿನಿಕ್ಕಿಗೆ ವಾಪಸ್ ಬಂದ ಮೇಲೆ ಡಾಕ್ಟ್ರಮ್ಮನ ಮುಂದೆ ಕೀ ಇಟ್ಟು, ದಿನಾ ಆಫ್ ಮಾಡುತ್ತಿದ್ದುದರಿಂದ ಹಿಡಿದು ಎಲ್ಲ ಒಪ್ಪಿಸಿದ. "ಇವತ್ತು ಆನ್ ಇದ್ದಿದ್ದು ನನ್ ಮರೆವಿಂದ ಅಮ್ಮಾವ್ರೆ, ಬುದ್ಧಿಯಿಂದಲ್ಲ," ಅಂದ. ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ. ಡಾಕ್ಟ್ರಮ್ಮ ಕೀ ತೆಗೆದು ಬ್ಯಾಗಿಗೆ ಹಾಕಿಕೊಂಡರು.

"ಇನ್ಮೇಲೆ ರಸ್ತೆಗೆ ಹುರುಳಿ ಹಾಕ್ಬೇಡ ಅಂತ ಆ ಅಜ್ಜಿಗೆ ಹೇಳಿದ್ರಾ?"

"ಯೋಳ್ದೆ ಅಮ್ಮಾವ್ರೆ. ಹಂಗಾರೆ ನಿಮ್ಮಪ್ಪ ಬಂದು ಉಳ್ಳಿ ಬಡಿತಾನಾ ಅಂದ್ಳು."

"ನಿಮ್ಮಪ್ಪ ಯಾಕೆ, ನೀವೇ ಬಡೀರಿ. ಮುಗಿಸಿ ಬಂದು ನನ್ನ ನೋಡಿ."

ಮೂರು ದಿನ ನರೇಂದ್ರ ಕಾರು ಓಡಿಸಿದ. ಗಂಗಯ್ಯ ಕ್ಲಿನಿಕ್ಕಿನ ಬೆಂಚಿನಲ್ಲಿ ರೋಗಿಯ ಹಾಗೆ ಕೂತಿದ್ದ. ಭಾನುವಾರ ನಾವಿಬ್ಬರೂ ಮುನಿಯಮ್ಮಜ್ಜಿಯ ಅಂಗಳದಲ್ಲಿ ಕೋಲು ಹಿಡಿದು ನಿಂತೆವು. ಮಧ್ಯಾಹ್ನಕ್ಕೇ ನನ್ನ ಸೊಂಟ ಬಿದ್ದುಹೋಯಿತು. ಅವನು ಮಾತ್ರ ಸಾಯಂಕಾಲದವರೆಗೆ ಬಡಿದ. ಅಜ್ಜಿ ಜಗಲಿ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತಾ, "ಒಸಿ ಜೋರಾಗ್ ಬಡೀಲಾ, ನಿನ್ಗಿಂತ ಬಸ್ಸೇ ವಾಸಿ," ಅನ್ನುತ್ತಲೇ ಇದ್ದಳು. ಹೊರಡುವಾಗ ಇಬ್ಬರಿಗೂ ಬಿಸಿ ಮುದ್ದೆ, ಹುರುಳಿ ಸಾರು ಬಡಿಸಿದಳು.

ಸೋಮವಾರ ಡಾಕ್ಟ್ರಮ್ಮ ಗಂಗಯ್ಯನನ್ನು ಒಳಗೆ ಕರೆದು, "ಕೈ ತೋರ್ಸಿ," ಅಂದರು. ಎರಡೂ ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದಿದ್ದವು. ನನಗೆ ಮುಲಾಮು ಹಚ್ಚಲು ಹೇಳಿದರು. ಹಚ್ಚಿ ಮುಗಿದ ಮೇಲೆ ಬ್ಯಾಗಿನಿಂದ ಕೀ ತೆಗೆದು ಆ ಅಂಟಂಟು ಅಂಗೈ ಮೇಲೆ ಇಟ್ಟರು.