ಗ್ಯಾಸ್ ಮುಗಿದ ಸಂಜೆಯ ಪಾಸ್ತಾ

ನನ್ನ ಅತ್ತೆ ನನ್ನೊಡನೆ ನೇರವಾಗಿ ಮಾತಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಮುಳಬಾಗಿಲಿನಾಚೆ, ತೆಲುಗು ಗಡಿಯ ನಂಗಲಿ ಹತ್ತಿರದ ಅವರ ಊರಿನಲ್ಲಿ, ಅವರ ವಯಸ್ಸಿನ ಹೆಂಗಸರು ಅಳಿಯನ ಎದುರು ನಿಂತು ಮಾತಾಡುವುದಿಲ್ಲ, ಅಷ್ಟೆ. ನಾನು ಹೋದರೆ ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲ ಮರೆಗೆ ಸರಿಯುತ್ತಿದ್ದರು. “ಅಳಿಯಂದ್ರು ಕಾಫಿ ಕುಡೀತಾರಾ ಕೇಳಮ್ಮ” ಎಂದು ಮಗಳಿಗೆ ಹೇಳುತ್ತಿದ್ದರು. ನಾನು ಅಲ್ಲೇ ಕೂತಿರುತ್ತಿದ್ದೆ. “ಕುಡೀತೀನಿ ಅನ್ನು” ಎಂದು ನಾನೂ ಹೆಂಡತಿಗೇ ಹೇಳುತ್ತಿದ್ದೆ. ಮದುವೆಯಾಗಿ ಎಷ್ಟೋ ವರ್ಷ ಹೀಗೇ ನಡೆಯಿತು. ಇದರಿಂದ ಯಾರಿಗೂ ತೊಂದರೆಯಾದದ್ದು ನನಗೆ ನೆನಪಿಲ್ಲ.

ಅವರ ಬಲಗಣ್ಣಿಗೆ ಪೊರೆ ಬಂತು. ನಾವಿರುವ ಕೋಲಾರದಲ್ಲೇ ಆಪರೇಷನ್ ಆಯಿತು. ಹೊಗೆಯ ಹತ್ತಿರ ಹೋಗಬಾರದು, ಬಗ್ಗಬಾರದು, ದಿನಕ್ಕೆ ಇಷ್ಟು ಸಲ ಹನಿ ಹಾಕಬೇಕು ಎಂದು ಡಾಕ್ಟರು ಹೇಳಿದ್ದರಿಂದ ಊರಿಗೆ ಕಳಿಸದೆ ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ಹೆಂಡತಿ ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಆ ವಾರ ಅವಳಿಗೆ ಎರಡನೇ ಶಿಫ್ಟು. ಮಧ್ಯಾಹ್ನದ ಅಡುಗೆ ಮುಗಿಸಿ ಕಂಪನಿ ಬಸ್ಸು ಹತ್ತಿದರೆ ಬರುವಷ್ಟರಲ್ಲಿ ನಾವು ಮಲಗಿರುತ್ತಿದ್ದೆವು. ನಾನು ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕ. ಸಂಜೆಗೆ ಮನೆ ಸೇರುತ್ತಿದ್ದೆ. ಸಂಜೆಯ ಹನಿಯನ್ನು ಎದುರುಮನೆಯಾಕೆ ಬಂದು ಹಾಕುತ್ತಿದ್ದರು. ನಾನು ಅನ್ನಕ್ಕಿಟ್ಟು ಸಾರು ಬಿಸಿ ಮಾಡಿ, ತಟ್ಟೆಯನ್ನು ಅತ್ತೆಯ ಕೋಣೆಯ ಹೊಸ್ತಿಲ ಬಳಿ ಸ್ಟೂಲಿನ ಮೇಲೆ ಇಡುತ್ತಿದ್ದೆ. ಖಾಲಿ ತಟ್ಟೆ ಅಲ್ಲಿಗೇ ವಾಪಸು ಬರುತ್ತಿತ್ತು.

ಒಂದು ಸಂಜೆ ಅನ್ನಕ್ಕಿಡಲು ಹೋದರೆ ಒಲೆ ಒಮ್ಮೆ ನೀಲಿಯಾಗಿ ಹೊತ್ತಿಕೊಂಡು ಆರಿಹೋಯಿತು. ಸಿಲಿಂಡರ್ ಮುಗಿದಿತ್ತು. ಇನ್ನೊಂದು ಮೊದಲೇ ಖಾಲಿಯಾಗಿದ್ದು, ಬುಕ್ ಮಾಡಿದ್ದು ಇನ್ನೂ ಬಂದಿರಲಿಲ್ಲ. ಎದುರುಮನೆಯವರು ಮದುವೆಗೆಂದು ಮಾಲೂರಿಗೆ ಹೋಗಿದ್ದರು. ಹೋಟೆಲಿನ ಊಟ ಅತ್ತೆ ಮುಟ್ಟುವವರಲ್ಲ.

ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಫ್ಯಾಕ್ಟರಿಯೊಳಗೆ ಫೋನ್ ಬಿಡುವುದಿಲ್ಲ, ಟೀ ಬಿಡುವಿನಲ್ಲಿ ಮಾತ್ರ ಮಾತಾಡುತ್ತಾಳೆ. ಗ್ಯಾಸ್ ವಿಷಯ ಹೇಳಿದೆ.

“ಓವನ್ ಐತಲ್ಲ” ಎಂದಳು.

ಬೋನಸ್ ಬಂದ ವರ್ಷ ಕೇಕ್ ಮಾಡುವ ಉಮೇದಿನಲ್ಲಿ ಅವಳು ತಂದಿದ್ದ ಕರೆಂಟಿನ ಓವನ್ ಅದು. ಈಚೆಗೆ ಅದರೊಳಗೆ ಈರುಳ್ಳಿ ಇಡುತ್ತಿದ್ದೆವು.

“ಓವನ್‌ನಲ್ಲಿ ಅನ್ನ ಮಾಡೋಕಾಗುತ್ತಾ?”

“ಅನ್ನ ಅಲ್ಲ ರೀ, ಪಾಸ್ತಾ. ಮೇಲಿನ ಶೆಲ್ಫಲ್ಲಿ ಪ್ಯಾಕೆಟ್ ಐತೆ. ನಮ್ಮ ಲೈನಲ್ಲಿ ಒಬ್ಬಳು ಮಾಡ್ತಾಳೆ, ಬೇಯಿಸೋದೇ ಬೇಡ್ವಂತೆ. ಹಸೀದೇ ಟ್ರೇಗೆ ಹಾಕಿ. ಟೊಮೇಟೊ, ಬೆಳ್ಳುಳ್ಳಿ, ಖಾರದಪುಡಿ ಮಿಕ್ಸಿಗೆ ಹಾಕಿ ರುಬ್ಬಿ ಮೇಲೆ ಸುರೀರಿ. ನೀರು ಹಾಕಿ, ಫಾಯಿಲ್ ಮುಚ್ಚಿ ಒಳಗಿಡಿ. ಬೆಂದ ಮೇಲೆ ಫಾಯಿಲ್ ತೆಗೆದು ಚೀಸ್ ತುರಿದು ಹಾಕಿ ಇನ್ನೊಂಚೂರು ಹೊತ್ತು. ಬೆಲ್ ಆಯ್ತು, ಇಡ್ತೀನಿ.”

ನೀರು ಎಷ್ಟು ಎಂದು ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದಳು. ಪ್ಯಾಕೆಟ್ಟಿನ ಹಿಂದೆ ನೋಡಿದೆ. ಕುದಿಯುವ ನೀರಿನಲ್ಲಿ ಬೇಯಿಸಿ ಬಸಿಯಿರಿ ಎಂದಷ್ಟೇ ಇತ್ತು.

ಈರುಳ್ಳಿ ತೆಗೆದು ಓವನ್ ಒರೆಸಿದೆ. ಟೊಮೇಟೊಗೆ ನಮ್ಮ ಕಡೆ ಬರವಿಲ್ಲ, ಬುಟ್ಟಿ ತುಂಬ ಇತ್ತು. ರುಬ್ಬಿ, ಉಪ್ಪು ಎಣ್ಣೆ ಕಲಸಿ, ಟ್ರೇಯಲ್ಲಿ ಹರಡಿದ ಹಸಿ ಪಾಸ್ತಾದ ಮೇಲೆ ಸುರಿದೆ. ಗಟ್ಟಿ ಕೊಳವೆಗಳು ಟ್ರೇಗೆ ತಾಗಿ ಗಲಗಲ ಎನ್ನುತ್ತಿದ್ದವು. ಮಿಕ್ಸಿಯ ಸದ್ದಿಗೋ ಏನೋ, ಅತ್ತೆ ಎದ್ದು ಬಂದು ಅಡುಗೆಮನೆಯ ಬಾಗಿಲಾಚೆ ನಿಂತಿದ್ದರು. ಆಸ್ಪತ್ರೆಯವರು ಕೊಟ್ಟ ಕಪ್ಪು ಕನ್ನಡಕ, ತಲೆಯ ಮೇಲೆ ಸೆರಗು.

“ಬೇಯಿಸ್ದೆ ಹಂಗೇ ಹಾಕಿದ್ರೆ ಅದ್ಹೆಂಗೆ ಬೇಯ್ತದಂತೆ?” ಎಂದರು. ಮಗಳಿರಲಿಲ್ಲವಾದ್ದರಿಂದ ಗೋಡೆಯ ಕ್ಯಾಲೆಂಡರಿಗೆ ಹೇಳಿದರು.

ನಾನು ಟ್ರೇ ನೋಡುತ್ತಲೇ “ಒಳಗೆ ನೀರಲ್ಲಿ ತಾನೇ ಬೇಯುತ್ತಂತೆ. ನೀರು ಎಷ್ಟು ಅಂತ ಗೊತ್ತಿಲ್ಲ” ಎಂದೆ.

ಬಾಗಿಲಾಚೆಯಿಂದಲೇ ಟ್ರೇಯತ್ತ ಕತ್ತು ಚಾಚಿದರು. ಆಮೇಲೆ ಕ್ಯಾಲೆಂಡರಿಗೆ, “ಅಕ್ಕಿ ಮೇಲೆ ಬೆರಳಿಟ್ಟು ಒಂದು ಗೆಣ್ಣು ನೀರು ಹಾಕಲ್ವಾ. ಹಂಗೇ ಹಾಕೋದು” ಎಂದರು.

ಟ್ರೇ ತುಂಬ ಅಗಲವಿತ್ತು. ಒಂದು ಗೆಣ್ಣು ನೀರು ಬರಬೇಕಾದರೆ ಚೊಂಬು ಚೊಂಬಾಗಿ ಸುರಿಯಬೇಕಾಯಿತು. ಇಷ್ಟು ಬೇಡವೇನೋ ಅನ್ನಿಸಿತು. ಆದರೆ ಅವರ ಮಾತಿಗೆ ಎದುರಾಡುವುದು ಹೇಗೆಂದು ಗೊತ್ತಾಗಲಿಲ್ಲ. ಒಪ್ಪುವುದಕ್ಕೂ ಎದುರಾಡುವುದಕ್ಕೂ ನಮ್ಮಿಬ್ಬರ ನಡುವೆ ಅದುವರೆಗೆ ಮಾತೇ ಇರಲಿಲ್ಲವಲ್ಲ. ಸಾಲದ್ದಕ್ಕೆ ರುಚಿಯಾಗಲೆಂದು ನಾನೇ ಒಂದು ಲೋಟ ಹಾಲೂ ಹಾಕಿದೆ. ಫಾಯಿಲ್ ಮುಚ್ಚಿ, ತುಳುಕದಂತೆ ಹಿಡಿದು ಒಳಗಿಟ್ಟೆ.

ಅತ್ತೆ ಕೋಣೆಗೆ ಹೋಗಲಿಲ್ಲ. ನಡುಮನೆಯಲ್ಲಿ ಕುರ್ಚಿಯ ಮೇಲೆ ಕೂತರು. ನಾನು ಅಡುಗೆಮನೆಯಲ್ಲೇ ನಿಂತೆ. ಮುಕ್ಕಾಲು ಗಂಟೆಯ ಮೇಲೆ ಫಾಯಿಲ್ ಎತ್ತಿ ನೋಡಿದರೆ ಕೆಂಪು ನೀರಿನಲ್ಲಿ ಪಾಸ್ತಾ ತೇಲುತ್ತಿತ್ತು. ಬೆಂದಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಸಾರಿನಂತಿತ್ತು.

ಅತ್ತೆ ಎದ್ದು ಬಂದು, ಈ ಸಲ ಹೊಸ್ತಿಲು ದಾಟಿ, ಒಂದೇ ಕಣ್ಣಲ್ಲಿ ಬಗ್ಗದೆ ಇಣುಕಿ ನೋಡಿದರು.

“ಅಯ್ಯೋ, ನೀರು ಜಾಸ್ತಿ ಆಯ್ತು. ನಾನೇ ಹೇಳಿ ಕೆಡಿಸ್ದೆ. ನೀವು ಸುಮ್ನೆ ಹಾಕ್ಬಿಟ್ರಿ” ಎಂದರು.

ಅದು ಕ್ಯಾಲೆಂಡರಿಗೆ ಹೇಳಿದ್ದಲ್ಲ. ಅವರಿಗೂ ಅದು ತಡವಾಗಿ ತಿಳಿದಿರಬೇಕು, ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡರು.

“ನಾನೂ ಹಾಲು ಹಾಕಿದೆ ಅತ್ತೆ” ಎಂದೆ.

“ಉಂಡನಿ, ಉಂಡನಿ” ಎಂದರು ತೆಲುಗಿನಲ್ಲಿ, ಇರಲಿ ಬಿಡಿ ಎಂಬಂತೆ. “ಮುಚ್ಚದೆ ಹಂಗೇ ಇಡಿ, ಹಿಂಗಲಿ.”

ಫಾಯಿಲ್ ಇಲ್ಲದೆ ಮತ್ತೆ ಇಟ್ಟೆ. ನೀರು ನಿಧಾನವಾಗಿ ಹಿಂಗುತ್ತ ಬಂತು. ಚೀಸ್ ತುರಿಯುವಾಗ “ಇದು ಜುನ್ನಾ?” ಎಂದು ಕೇಳಿದರು. ಕರು ಹಾಕಿದ ಹಸುವಿನ ಹಾಲಿನ ಗಿಣ್ಣನ್ನು ಅವರು ಜುನ್ನು ಎನ್ನುತ್ತಾರೆ. ಅಲ್ಲ, ಇದು ಉಪ್ಪುಪ್ಪಾಗಿರುತ್ತದೆ ಎಂದೆ. ಬೆರಳ ತುದಿಯಷ್ಟು ಬಾಯಿಗೆ ಹಾಕಿಕೊಂಡರು.

ಮೇಲ್ಭಾಗ ಕಂದು ಬಣ್ಣಕ್ಕೆ ತಿರುಗಿದಾಗ ಹೊರತೆಗೆದೆ. ಅಂಚಿನಲ್ಲಿ ಗರಿಗರಿ, ನಡುವೆ ಮೆತ್ತಗೆ, ತಳದಲ್ಲಿ ಇನ್ನೂ ಸ್ವಲ್ಪ ರಸ. ಅಭ್ಯಾಸದಂತೆ ತಟ್ಟೆಯನ್ನು ಸ್ಟೂಲಿನ ಮೇಲಿಡಲು ಹೊರಟೆ. ಅವರು ಮತ್ತೆ ನಡುಮನೆಯಲ್ಲೇ ಕೂತಿದ್ದರು. ಕೈಗೇ ಕೊಟ್ಟೆ. ಮಾವಿನಕಾಯಿ ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು, ಚಮಚ ಬದಿಗಿಟ್ಟು ಕೈಯಲ್ಲೇ ತಿಂದರು. ಅಂಚಿನದು ಇನ್ನೊಂಚೂರು ಬೇಕೆಂದರು.

ತಿನ್ನುತ್ತ, ಯಾರನ್ನೂ ದೂರುವಂತಿಲ್ಲದ ದನಿಯಲ್ಲಿ ಹೇಳಿದರು: “ನಂಗೆ ಗಂಡಸರು ಯಾರೂ ಇದುವರೆಗೆ ಉಣ್ಣೋಕಿಕ್ಕಿರ್ಲಿಲ್ಲ. ಹುಷಾರಿಲ್ಲದಾಗ್ಲೂ ಅಷ್ಟೆ, ನಾನೇ ಎದ್ದು ಮಾಡ್ಬೇಕಿತ್ತು. ನಿಮ್ಮ ಮಾವ ನೀರೂ ಬಗ್ಗಿಸ್ಕೊಂಡೋರಲ್ಲ.”

ನಾನು ನೀರು ತಂದಿಟ್ಟೆ.

ಹನಿ ಹಾಕುವ ಹೊತ್ತಾಗಿತ್ತು. ಎದುರುಮನೆಗೆ ಬೀಗ. ಮಗಳು ಬಂದ ಮೇಲೆ ಹಾಕಲಿ ಎಂದರು ಅತ್ತೆ. ತಡವಾಗಬಾರದಂತೆ ಎಂದೆ ನಾನು. ಅವರು ಕನ್ನಡಕ ತೆಗೆದು ಕುರ್ಚಿಗೊರಗಿ ಮುಖವೆತ್ತಿದರು. ತಲೆಯಿಂದ ಸೆರಗು ಜಾರಿತು. ಆ ಮುಖವನ್ನು ನಾನು ಪೂರ್ತಿಯಾಗಿ ನೋಡಿದ್ದು ಅದೇ ಮೊದಲು. ಹೆಂಡತಿಯ ಹಣೆ, ಹೆಂಡತಿಯದೇ ಗಲ್ಲ. ಪ್ರಯೋಗಾಲಯದಲ್ಲಿ ಹನಿ ಲೆಕ್ಕದಲ್ಲಿ ಆಸಿಡ್ ಬಿಟ್ಟ ಕೈ ನನ್ನದು. ಆದರೂ ಮೊದಲ ಹನಿ ಕೆನ್ನೆಯ ಮೇಲೆ ಬಿತ್ತು.

ಬೆಳಿಗ್ಗೆ ಹೆಂಡತಿ ಉಳಿದಿದ್ದನ್ನು ತಿಂದಳು. ರಾತ್ರಿಯೆಲ್ಲ ಹೆಪ್ಪುಗಟ್ಟಿ ಚಾಕುವಿನಲ್ಲಿ ಕೊಯ್ಯುವಂತಾಗಿತ್ತು. “ಪರ್ವಾಗಿಲ್ವೇ, ಚೆನ್ನಾಗೇ ಬಂದೈತೆ” ಎಂದಳು. ಅತ್ತೆ ಅಡುಗೆಮನೆಯ ಬಾಗಿಲ ಮರೆಯಿಂದ, “ಅಳಿಯಂದ್ರಿಗೆ ಹೇಳಮ್ಮ, ಮುಂದಿನ ಸಲ ಅರ್ಧ ನೀರು ಸಾಕು ಅಂತ” ಎಂದರು. ಹೆಂಡತಿ ನನ್ನತ್ತ ತಿರುಗಿ ಅದನ್ನೇ ಹೇಳಿದಳು. ಆಗಲಿ ಅಂತ ಹೇಳು ಎಂದೆ.

ಆಮೇಲೂ ಹಾಗೇ ನಡೆಯಿತು. ಅವಳಿದ್ದಾಗ ಹಳೆಯ ರೀತಿ. ಅವಳು ಬಸ್ಸು ಹತ್ತಿದ ಮೇಲೆ ನಾವಿಬ್ಬರೂ ನೇರವಾಗಿ ಮಾತಾಡುತ್ತಿದ್ದೆವು. ಹೆಚ್ಚೇನೂ ಅಲ್ಲ, ಹಾಲಿನವನು, ಕರೆಂಟು, ಊರಿನ ಎಮ್ಮೆ. ಸಿಲಿಂಡರ್ ಬಂದ ಮೇಲೂ ಅವರೇ ಕೇಳಿ ಮತ್ತೊಮ್ಮೆ ಪಾಸ್ತಾ ಮಾಡಿಸಿದರು. ಅರ್ಧ ನೀರು ಹಾಕಿದೆ. ಮೂಲೆಯ ಕೆಲವು ಕೊಳವೆಗಳು ಗಟ್ಟಿಯಾಗಿಯೇ ಉಳಿದವು. ಅವನ್ನೂ ಅಗಿದು ತಿಂದರು.

ಕಣ್ಣು ವಾಸಿಯಾಗಿ ನಂಬರಿನ ಕನ್ನಡಕ ಕೊಡಿಸಿದ ದಿನ ಮಧ್ಯಾಹ್ನವೇ ಊರಿಗೆ ಹೊರಟರು. ಬಸ್ ನಿಲ್ದಾಣದಲ್ಲಿ ಹೊಸ ಕನ್ನಡಕದಿಂದ ಬೋರ್ಡುಗಳನ್ನೆಲ್ಲ ಒಂದೊಂದಾಗಿ ನೋಡುತ್ತ ನಿಂತಿದ್ದವರು ಒಮ್ಮೆ ನನ್ನ ಕಡೆ ತಿರುಗಿದರು. ಆಮೇಲೆ ಮಗಳ ಕಿವಿಯಲ್ಲಿ, ನನಗೂ ಕೇಳಿಸುವಷ್ಟು ಜೋರಾಗಿ ಹೇಳಿದರು:

“ಏನೇ, ಅಳಿಯಂದ್ರಿಗೆ ಇಷ್ಟೊಂದು ತಲೆ ನರೆತೈತೆ. ನಂಗ್ಯಾಕೆ ಹೇಳ್ಲಿಲ್ಲ?”

ಮುಳಬಾಗಿಲಿನ ಬಸ್ಸು ಬಂತು. ಅವರ ಚೀಲ ನಾನು ಎತ್ತಿಕೊಟ್ಟೆ.