ಶನಿಯ ಎದುರು ಅವ್ವ

ಆ ಸಂಜೆ ಅವ್ವ ದುರ್ಬೀನಿಗೆ ಮುಖ ಕೊಟ್ಟದ್ದು ನಿಜ. ಒಳಗೆ ಕಣ್ಣು ತೆರೆದಿದ್ದಳೋ ಮುಚ್ಚಿದ್ದಳೋ ಎಂಬುದು ಬಹಳ ಕಾಲ ನನಗೆ ಗೊತ್ತಾಗಲಿಲ್ಲ. ಉಳಿದ ವಿಷಯದಲ್ಲೂ ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅಂಗಳದಲ್ಲಿ ರಾಗಿ ಮೆದೆ ಇತ್ತು, ಅದಕ್ಕೆ ಒರಗಿ ನಿಂತಿದ್ದೆ ಎಂದು ನೆನಪು. ಆದರೆ ಅದು ಕಾರ್ತಿಕದ ಮೊದಲು. ಆಗ ನಮ್ಮಲ್ಲಿ ರಾಗಿ ಇನ್ನೂ ಹೊಲದಲ್ಲೇ ಇರುತ್ತದೆ. ಮೆದೆ ಬೇರೆ ಯಾವುದೋ ವರ್ಷದ್ದಿರಬೇಕು.

ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಕಟ್ಟೆಮಳಲವಾಡಿಯ ನಮ್ಮ ಹೊಲ ನೋಡಿಕೊಂಡು, ಬಿಡುವಾದಾಗ ಹುಣಸೂರಿನ ಮರದ ವ್ಯಾಪಾರಿ ಸಾಬರೊಬ್ಬರಿಗೆ ಕಾಕನಕೋಟೆ ಕಾಡಿನಿಂದ ಬಿದಿರಿನ ಗಾಡಿ ಹೊಡೆಯುತ್ತಿದ್ದವನು ಅವನು. ಅಲ್ಲಿಂದ ಚಳಿಜ್ವರ ಹತ್ತಿಸಿಕೊಂಡು ಬಂದ. ನಾನು ಮೈಸೂರಿನ ಕಾಲೇಜಿನಿಂದ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಳು ಬರಲಿಲ್ಲ. ಊಟ ಮಾಡಿದೆ, ಮಲಗಿದೆ, ಎದ್ದೆ. ಮನೆಯಲ್ಲಿ ಎಲ್ಲರೂ ಹಾಗೇ ಇದ್ದರು.

ಅಣ್ಣನಿಗೆ ಏಳೂವರೆ ವರ್ಷದ ಶನಿ ಹಿಡಿದಿದೆ ಎಂದು ಜೋಯಿಸರು ಹೇಳಿದಂದಿನಿಂದ ಅವ್ವ ಶನಿವಾರ ತಪ್ಪಿಸದೆ ಹುಣಸೂರಿನವರೆಗೆ ನಡೆದು ಹೋಗಿ ಗುಡಿಯಲ್ಲಿ ಎಳ್ಳೆಣ್ಣೆ ದೀಪ ಹಚ್ಚುತ್ತಿದ್ದಳು. ದೇವರ ಎದುರಿಗೆ ಮಾತ್ರ ನಿಲ್ಲುತ್ತಿರಲಿಲ್ಲ. ಬಾಗಿಲ ಪಕ್ಕಕ್ಕೆ ಸರಿದು, ನೆಲ ನೋಡುತ್ತ ಕೈಮುಗಿಯುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನ ಹೆಗಲು ಹಿಡಿದು ಪಕ್ಕಕ್ಕೆ ತಿರುಗಿಸುತ್ತಿದ್ದಳು. "ಕಣ್ಣಿಗೆ ಕಣ್ಣು ಸಿಕ್ಬಾರ್ದು ಕಣ್ಲಾ. ಸಿಕ್ರೆ ಹಿಂದೇನೇ ಬತ್ತಾನೆ." ಅಣ್ಣ ಹೋದ ಮೇಲೆ ಗುಡಿಗೆ ಹೋಗುವುದನ್ನು ನಿಲ್ಲಿಸಿದ್ದಳು. ಅವಳ ಬದಲಿಗೆ ಸೋದರತ್ತೆ ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ಸಾಬರು ಗಾಡಿಯಲ್ಲಿ ಬಂದರು. ಜೊತೆಗೆ ಮಾರುದ್ದದ ಹಿತ್ತಾಳೆ ದುರ್ಬೀನು, ಅದನ್ನು ನಿಲ್ಲಿಸುವ ಮುಕ್ಕಾಲಿ. ಕೊಡಗಿನ ತೋಟದ ದೊರೆಯೊಬ್ಬ ಊರು ಬಿಡುವಾಗ ಮಾರಿ ಹೋದದ್ದಂತೆ.

"ಒಂದ್ಸಲ ಚುಕ್ಕಿ ತೋರ್ಸಿ ಸಾಬ್ರೇ ಅಂತ ನಿಮ್ ದೊಡ್ಡ ಮಗ ಕೇಳ್ತಾನೇ ಇದ್ದ, ತಾಯಿ" ಎಂದರು ಅವ್ವನಿಗೆ. "ನಾಳೆ ನಾಳೆ ಅಂದೆ. ಈಗ ಅದನ್ನ ಮನೇಲಿ ಇಟ್ಕೊಳ್ಳೋಕಾಗ್ತಿಲ್ಲ. ತಮ್ಮನಾದ್ರೂ ನೋಡ್ಲಿ."

ಅವ್ವ ಜಗಲಿಯ ಮೇಲೆ ಕೂತಿದ್ದಳು.

ದೀಪ ಹಚ್ಚುವ ಹೊತ್ತಿಗೆ ತೆಂಕಲ ಕಡೆ ಶನಿ ಕಾಣಿಸಿಕೊಂಡ. ಓದಿದ್ದರ ಬಲದಿಂದ ಅವನೇ ಎಂದು ಗುರುತಿಸಿ ದುರ್ಬೀನು ತಿರುಗಿಸಿದೆ. ಅತ್ತೆ ಅಡುಗೆಮನೆಯಿಂದಲೇ ಕೂಗಿದಳು. "ಕಾಲೇಜ್ನಲ್ಲಿ ಇದನ್ನೇ ಏನ್ಲಾ ಕಲ್ಸೋದು? ಜನ ಅವನ್ನ ಆಚೆ ಕಳ್ಸಕ್ಕೆ ಎಣ್ಣೆ ಸುರೀತಾರೆ, ನೀನು ಅಂಗ್ಳಕ್ಕೆ ಕರ್ಕಂಬಂದು ಕೂರುಸ್ತೀಯ."

"ಅವನೇನೂ ಬರಲ್ಲ, ಬುಡತ್ತೆ" ಎಂದೆ. ಪಾಠ ಒಪ್ಪಿಸುವ ಹಾಗೆ ಹೇಳಿದೆ: ಅದು ಕಲ್ಲಿನಂಥ, ಹೊಗೆಯಂಥ ದೊಡ್ಡ ಉಂಡೆ, ಸುತ್ತ ಅಗಲವಾದ ಬಳೆ ಇದೆ, ಅಲ್ಲಿಂದ ಹೊರಟ ಬೆಳಕು ನಮ್ಮ ಅಂಗಳ ಮುಟ್ಟಲು ಒಂದು ಗಂಟೆಗಿಂತ ಹೆಚ್ಚು ಬೇಕು. ಹೇಳುವಾಗ ನನಗೆ ಬೆರಗಾಗಬೇಕಿತ್ತು. ಆಗಲಿಲ್ಲ.

ಅವ್ವ ಆ ದಿನ ಮೊದಲ ಸಲ ಬಾಯಿ ತೆರೆದಳು. "ಅಷ್ಟು ದೂರ ಇರೋನ್ಗೆ ನಮ್ಮಟ್ಟಿ ಹೆಂಗ್ಲಾ ಗೊತ್ತಾಯ್ತು?"

ಸಾಬರು ದುರ್ಬೀನಿನೊಳಗೆ ನೋಡಿ, "ಸುಭಾನಲ್ಲಾ" ಎಂದು ಮೆಲ್ಲನೆ ಅಂದು ಹಿಂದೆ ಸರಿದಿದ್ದರು. "ಅವನ್ಗೇನ್ ಗೊತ್ತು ತಾಯಿ" ಎಂದರು. "ಅವ್ನೂ ನಮ್ಮಂಗೆ ಹೇಳ್ದಂಗೆ ಕೇಳೋನು. ಸುತ್ತು ಅಂದ್ರೆ ಸುತ್ತಾನೆ. ಗೊತ್ತಿರೋದು ಅವನ್ನ ಅಲ್ಲಿ ಇಟ್ಟೋನ್ಗೆ."

ಅವ್ವ ಎದ್ದು ಬಂದಳು. ಸೆರಗನ್ನು ತಲೆಗೆ ಎಳೆದುಕೊಂಡು ಬಗ್ಗಿದಳು. ಬಹಳ ಹೊತ್ತು ಹಾಗೇ ಇದ್ದಳು. ಶನಿ ಜಾರಿಹೋಗದಂತೆ ನಾನು ಕೊಳವೆಯನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪ ಸರಿಸುತ್ತಿದ್ದೆ. ಅವಳ ಕಣ್ಣು ನನಗೆ ಕಾಣುತ್ತಿರಲಿಲ್ಲ.

"ಬಳೆ ಕಾಣ್ತಾ ಅವ್ವ?"

"ಬಳೆ ಎಲ್ಲೈತೆ? ಒಂದು ಮಣಿ. ಮಣಿಗೆ ಅಡ್ಡಕ್ಕೆ ಸೂಜಿ ಚುಚ್ಚಿ ಬುಟ್ಟವ್ರೆ."

ಕಣ್ಣು ಮುಚ್ಚಿಕೊಂಡು ಬಾಯಿಗೆ ಬಂದದ್ದು ಹೇಳುತ್ತಿದ್ದಾಳೆ ಎಂದುಕೊಂಡೆ. ಯಾಕೆಂದರೆ ಅವಳಿಗಿಂತ ಮೊದಲು ನಾನು ನೋಡಿದ್ದೆ, ಬಳೆ ಸ್ಪಷ್ಟವಾಗಿ ಕಂಡಿತ್ತು: ಒಂದು ಕಡೆ ವಾಲಿದ, ಅಗಲವಾದ ಬಳೆ, ಉಂಡೆಗೂ ಬಳೆಗೂ ನಡುವೆ ಕಪ್ಪು ಸಂದು. ಈಗಲೂ ಅದು ಕಣ್ಣ ಮುಂದೆ ಇದೆ.

ಅವ್ವ ಒಳಗೆ ಹೋದಾಗ ಅತ್ತೆ ಕೇಳಿದ್ದು ನನ್ನ ಕಿವಿಗೂ ಬಿತ್ತು. "ನೋಡ್ಬುಟ್ಯಾ ಅತ್ಗೆ?"

"ಇಲ್ಲ ಬುಡು. ಕಣ್ ಮುಚ್ಕಂಡಿದ್ದೆ."

"ಸದ್ಯ. ಇನ್ನೊಬ್ಬ ಮಗ ಅವ್ನೆ ನಿಂಗೆ, ಮರೀಬ್ಯಾಡ."

ಮುದ್ದೆ ತೊಳಸುವ ಸದ್ದು ಕೇಳಿಸಿತು.

ಹೀಗೆ ಅವ್ವ ಶನಿಯನ್ನು ನೋಡಲಿಲ್ಲ ಎಂದಾಯಿತು. ಅತ್ತೆ ಹಾಗೆಂದೇ ಹೇಳಿದಳು, ನಾನೂ ಹಾಗೆಂದೇ ನಂಬಿದೆ. ಅವ್ವ ಮತ್ತೆಂದೂ ಶನಿಗುಡಿಗೆ ಹೋಗಲಿಲ್ಲ. ಅತ್ತೆ ಹೊರಡುವಾಗ ಎಣ್ಣೆ ಕೊಟ್ಟು ಕಳಿಸುತ್ತಿದ್ದಳು, ಅಷ್ಟೇ. ಅದು ಭಯವೋ ಭಯ ಸತ್ತದ್ದೋ ನನಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿದ್ದರೆ, ನನಗೇನಾದರೂ ಆದೀತು ಎಂದು ಹೆದರುತ್ತಲೇ ಅವಳು ಉಳಿದ ವರ್ಷಗಳನ್ನು ಕಳೆದಳು. ತೆರೆದಿದ್ದರೆ, ಆ ಸಂಜೆಯೇ ಆ ಹೆದರಿಕೆ ಮುಗಿದಿತ್ತು. ಹಾಗಿದ್ದರೆ ಅತ್ತೆಗೆ ಹೇಳಿದ್ದು ಅತ್ತೆಯ ಸಮಾಧಾನಕ್ಕೆ. ಅವ್ವನನ್ನೇ ಕೇಳಬಹುದಿತ್ತು. ಪ್ರತಿ ಸಲ ಊರಿಗೆ ಹೋದಾಗ ಕೇಳಬೇಕೆಂದುಕೊಂಡೆ. ಬೇರೆ ಮಾತಾಡಿ ಬಂದೆ. ಆಮೇಲೆ ಅವಳೂ ಹೋದಳು.

ಅವಳು ಹೋದ ಮೇಲೆ, ಬೇರೇನೋ ಹುಡುಕಲು ಹೋದವನು, ಪುಸ್ತಕ ಭಂಡಾರದಲ್ಲಿ ಆ ವರ್ಷದ ಖಗೋಳ ಪಂಚಾಂಗ ತೆಗೆಸಿ ನೋಡಿದೆ. ನಂಬಿಕೆ ಬರದೆ ಇನ್ನೊಂದು ಪುಸ್ತಕದಲ್ಲೂ ನೋಡಿದೆ. ಸುಮಾರು ಹದಿನೈದು ವರ್ಷಕ್ಕೊಮ್ಮೆ ಶನಿಯ ಬಳೆಯ ಅಂಚು ಮಾತ್ರ ನಮ್ಮ ಕಡೆಗಿರುತ್ತದೆ. ಆಗ ಸಣ್ಣ ದುರ್ಬೀನಿನಲ್ಲಿ ಬಳೆ ಕಾಣುವುದಿಲ್ಲ, ಉಂಡೆಯ ಎರಡು ಪಕ್ಕಕ್ಕೂ ಚಾಚಿದ ಒಂದು ಗೆರೆ ಕಾಣುತ್ತದೆ. ನನಗೆ ನೆನಪಿರುವ ವಾಲಿದ ಬಳೆ ಪಠ್ಯಪುಸ್ತಕದ ಚಿತ್ರದ್ದು. ಆ ಸಂಜೆ ಅದು ಆಕಾಶದಲ್ಲಿ ಇರಲಿಲ್ಲ. ಆ ವರ್ಷ ಕಾರ್ತಿಕದ ಹೊತ್ತಿಗೆ ಶನಿ ಇದ್ದದ್ದು ಅಡ್ಡಕ್ಕೆ ಸೂಜಿ ಚುಚ್ಚಿದ ಮಣಿಯ ಹಾಗೆ.